ಆರುನೂರ ಇಪ್ಪತ್ತನಾಲ್ಕು ಅಂಗಿಗಳ ಎಡ ಎದೆ

ಬರೂದಾ ಕೂಲಿಂಗ್ ಕಂಪನಿಯ ನಿಯಮಾವಳಿಯ ಪ್ರಕಾರ ಕೆಲಸಗಾರನ ಅಂಗಿಯ ಎಡ ಎದೆ ಕಂಪನಿಗೆ ಸೇರಿದ್ದು. ಬಲ ಎದೆ, ಎರಡು ತೋಳು ಮತ್ತು ಕಾಲರು ಕೆಲಸಗಾರನ ಸ್ವಂತ ಜವಾಬ್ದಾರಿ. ಈ ನಿಯಮದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಆ ಎಡ ಎದೆಯ ಮೇಲೆ ಕಂಪನಿಯ ಹೆಸರನ್ನು ಪ್ರಿಂಟ್ ಹೊಡೆಸುವುದೋ, ದಾರದಲ್ಲಿ ಎಂಬ್ರಾಯ್ಡರಿ ಮಾಡಿಸುವುದೋ ಎಂಬ ಪ್ರಶ್ನೆ ಎದ್ದಾಗ. ಆ ಪ್ರಶ್ನೆಗೆ ಈಗ ಮೂರನೆಯ ವರ್ಷ. ಆರೋಗ್ಯವಾಗಿದೆ.

ಕಂಪನಿಯ ಸ್ಟೋರ್‌ಕೀಪರ್ ಜೆರೋಮ್ ಶಿರ್ವದವರು. ಕುವೈತಿಗೆ ಬಂದು ಮೂವತ್ತೊಂದು ವರ್ಷ. ಇಡೀ ಮಹಬೂಲಾದಲ್ಲಿ ಮೂರೂವರೆ ಕಟ್ಟಡ ಇದ್ದ ಕಾಲದಲ್ಲಿ ಆ ಅರ್ಧ ಕಟ್ಟಡದಲ್ಲಿ ವಾಸ ಮಾಡಿದ ಮನುಷ್ಯ. ಶಾಲೆ ಐದನೆಯ ಕ್ಲಾಸಿಗೇ ಅವರನ್ನು ಬಿಟ್ಟು ಮುಂದೆ ಹೋಯಿತು. ಆದರೆ ಎಸಿಯ ಕಂಪ್ರೆಸರನ್ನು ಮೂಸಿ ನೋಡಿ ಇದು ಇನ್ನೆಷ್ಟು ದಿನ ಬದುಕುತ್ತದೆ ಎಂದು ಹೇಳಬಲ್ಲವರು ಮೀನಾ ಅಲ್ ಅಹ್ಮದಿಯಿಂದ ಹಿಡಿದು ಕುವೈತಿನ ಆ ತುದಿಯ ತನಕ ಇನ್ನೊಬ್ಬರಿಲ್ಲ. ಒಮ್ಮೆ ಅವರು ಸೀನಿದ ರಭಸಕ್ಕೆ ಕೆಟ್ಟು ಕೂತಿದ್ದ ಐದು ಟನ್ನಿನ ಯಂತ್ರ ತಾನಾಗಿ ಚಾಲೂ ಆಗಿ ಆರು ತಿಂಗಳು ಓಡಿತ್ತು. ಅದನ್ನು ಕಣ್ಣಾರೆ ಕಂಡವರೆಲ್ಲ ವೀಸಾ ಮುಗಿಸಿ ಊರಿಗೆ ಹೋಗಿದ್ದಾರೆ, ಇಲ್ಲದಿದ್ದರೆ ಕೇಳಬಹುದಿತ್ತು.

ಅಂಥ ಜೆರೋಮರ ಸ್ಟೋರಿಗೆ ಒಂದು ಜೂನ್ ತಿಂಗಳಲ್ಲಿ ಗಿಳಿಹಸಿರು ಬಣ್ಣದ ಆರುನೂರ ಇಪ್ಪತ್ತನಾಲ್ಕು ಅಂಗಿಗಳು ಬಂದವು. ಕೆಲಸಗಾರರು ಮುನ್ನೂರ ಹನ್ನೆರಡು ಮಂದಿ, ತಲೆಗೆ ಎರಡು. ಕಾಲರು, ಗುಂಡಿ, ಜೇಬು ಎಲ್ಲ ಸರಿ; ಹೆಸರು ಮಾತ್ರ ಇಲ್ಲ. ಅದೇ ದಿನ ಕಂಪನಿಯ ಮಾಲೀಕರು, ಅಂದರೆ ಎಲ್ಲರ ವೀಸಾಕ್ಕೆ ಹೊಣೆಯಾದ ಕಫೀಲ್, ಬೇಸಿಗೆ ಕಳೆಯಲು ಲಂಡನ್ನಿಗೆ ಹೊರಟಿದ್ದರು. ಕಾರಿನ ಮೂರು ಬಾಗಿಲು ಹಾಕಿಯಾಗಿತ್ತು. ಆಪರೇಷನ್ಸ್ ಮ್ಯಾನೇಜರ್ ಟ್ರೆವರ್ ಓಡಿ ಹೋಗಿ, ಪ್ರಿಂಟೋ ಎಂಬ್ರಾಯ್ಡರಿಯೋ ಎಂದು ಕೇಳಿದರು.

“ಯಾವುದು ಒಳ್ಳೆಯದೋ ಅದು ಮಾಡಿ. ಯಲ್ಲಾ, ಹೊರಡೋಣ,” ಎಂದು ಮಾಲೀಕರು ನಾಲ್ಕನೆಯ ಬಾಗಿಲನ್ನೂ ಹಾಕಿಕೊಂಡರು.

ಕಾರು ಗೇಟು ದಾಟುವ ಮೊದಲೇ ಸುತ್ತೋಲೆ ಹೊರಟಿತು. ಅದು ಇಂಗ್ಲಿಷಿನಲ್ಲಿತ್ತು. ಜೆರೋಮ್ ಅದನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ಒಂದು ಸಲ ನೋಡಿ, ಎಚ್‌ಆರ್ ಗುಮಾಸ್ತ ಲತೀಶನ ಕೈಗೆ ಕೊಟ್ಟರು. ಲತೀಶ ಕಾಪುವಿನವನು, ಕಾನೂನು ಓದಲು ಹೋಗಿ ಅರ್ಧಕ್ಕೆ ಬಿಟ್ಟವನು. ಉಳಿದರ್ಧ ಕಾನೂನನ್ನು ಕಂಪನಿಯಲ್ಲಿ ಕೂತು ತಾನೇ ತಯಾರಿಸುತ್ತಿದ್ದ. ಅವನು ಓದಿ ಹೇಳಿದ್ದು ಹೀಗೆ:

“ಸುತ್ತೋಲೆ ಸಂಖ್ಯೆ ನಲವತ್ತೊಂದು. ಮಾಲೀಕರು ‘ಒಳ್ಳೆಯದು’ ಎಂಬ ಪದವನ್ನು ಬಳಸಿರುವುದರಿಂದಲೂ, ಸದರಿ ಪದದ ಅರ್ಥವನ್ನು ತಮ್ಮೊಂದಿಗೇ ಲಂಡನ್ನಿಗೆ ಕೊಂಡೊಯ್ದಿರುವುದರಿಂದಲೂ, ಒಳ್ಳೆಯದು ಎಂದರೆ ಏನೆಂಬುದನ್ನು ಇಲ್ಲಿಯೇ ನಿರ್ಣಯಿಸಲು ಅಂಗಿ ಹೆಸರು ಆಯ್ಕೆ ಸಮಿತಿಯನ್ನು ಈ ಮೂಲಕ ರಚಿಸಲಾಗಿದೆ. ಅಧ್ಯಕ್ಷರು, ಟ್ರೆವರ್. ಕಾರ್ಯದರ್ಶಿ, ಲತೀಶ್. ಸದಸ್ಯರು, ಜೆರೋಮ್, ಅಂಗಿಗಳು ಅವರ ಸ್ಟೋರಿನಲ್ಲಿರುವ ಕಾರಣ. ಎರಡು ಗಂಟೆ ಮೀರಿದ ಸಭೆಗಳಿಗೆ ಕಂಪನಿಯ ವತಿಯಿಂದ ಮಟನ್ ಮಜ್ಬೂಸ್ ಒದಗಿಸತಕ್ಕದ್ದು.”

“ಮಜ್ಬೂಸ್ ಅಂತ ಬರ್ದದ್ದುಂಟಾ ಅದ್ರಲ್ಲಿ?” ಜೆರೋಮ್ ಕೇಳಿದರು.

“ದಪ್ಪ ಅಕ್ಷರದಲ್ಲಿರುವುದು ಅದೊಂದೇ ಅಂಕಲ್.”

ಮಜ್ಬೂಸ್ ಎಂದರೆ ಬಂಡಿಚಕ್ರದಷ್ಟು ಅಗಲದ ತಟ್ಟೆ, ಅದರಲ್ಲಿ ಅನ್ನದ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಅರ್ಧ ಆಡು. ಹಾಗಾಗಿ ಆ ಸಮಿತಿಯ ಯಾವ ಸಭೆಯೂ ಎರಡು ಗಂಟೆ ಐದು ನಿಮಿಷಕ್ಕೆ ಮೊದಲು ಮುಗಿದದ್ದಿಲ್ಲ. ನಂತರ ಮುಂದುವರಿದದ್ದೂ ಇಲ್ಲ.

ಆ ಶುಕ್ರವಾರ ಜೆರೋಮರಿಗೆ ಊರಿನಿಂದ ಹೆಂಡತಿ ಹೆಲೆನಳ ಫೋನು ಬಂತು.

“ವೆಲಿಟಾನ ಪಪ್ಪಾ, ಕೇಳಿ. ಹುಡುಗ ರಾನ್ಸನ್‌ನ ಮನೆಯವರು ಒಪ್ಪಿದ್ರು. ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ ಮಗಳ ಮದುವೆ. ಚರ್ಚ್ ಬುಕ್ ಆಯ್ತು, ಬ್ಯಾಂಡ್ ಬುಕ್ ಆಯ್ತು, ಅಡುಗೆಯವರೂ ಬುಕ್. ಇನ್ನು ಬುಕ್ ಆಗ್ಲಿಕ್ಕೆ ಬಾಕಿ ಇರುವುದು ನೀವೊಬ್ರೇ.”

“ನಾನಾ? ನಾನು ಒಂದು ಮಾತು ಹೇಳಿದ್ರೆ ವಿಮಾನ ನಮ್ಮ ಅಂಗಳದಲ್ಲೇ ಇಳಿಸಿ ಹೋಗ್ತಾರೆ.”

“ಅಂಗಳದಲ್ಲಿ ಚಪ್ಪರ ಹಾಕ್ಲಿಕ್ಕುಂಟು. ಮೊದಲು ರಜೆ ಉಂಟಾ ಕೇಳಿ.”

ರಜೆ ಇತ್ತು. ಎರಡು ತಿಂಗಳ ರಜೆ ಬಾಕಿ ಬಿದ್ದಿತ್ತು. ಆದರೆ ರಜೆಗೆ ಹೋಗುವವನು ಮೊದಲು ತನ್ನ ಎರಡೂ ಯೂನಿಫಾರಂಗಳನ್ನು ಸ್ಟೋರಿಗೆ ಹಿಂದಿರುಗಿಸಿ ಚೀಟಿ ಪಡೆಯಬೇಕು. ಚೀಟಿ ಇಲ್ಲದವನಿಗೆ ರಜೆ ಇಲ್ಲ. ಹಳೆಯ ಯೂನಿಫಾರಂಗಳನ್ನೆಲ್ಲ, ಹೊಸದು ಬರುತ್ತದೆಂದು, ಮೇ ತಿಂಗಳಲ್ಲೇ ಕತ್ತರಿಸಿ ಎಸಿ ಒರೆಸುವ ಬಟ್ಟೆ ಮಾಡಿಯಾಗಿತ್ತು. ಹೊಸದಕ್ಕೆ ಹೆಸರು ಬೀಳದ ಕಾರಣ ಅದು ಯೂನಿಫಾರಂ ಅಲ್ಲ, ಬರೀ ಅಂಗಿ. ಬರೀ ಅಂಗಿಯನ್ನು ಯಾರಿಗೂ ಕೊಡುವಂತಿಲ್ಲ.

ಜೆರೋಮ್ ಟ್ರೆವರ್ ಹತ್ತಿರ ಹೋದರು. ಟ್ರೆವರ್ ಕುವೈತಿನಲ್ಲೇ ಹುಟ್ಟಿ ಬೆಳೆದವರು, ಅಪ್ಪಅಮ್ಮ ಕಿನ್ನಿಗೋಳಿಯವರು. ಕನ್ನಡವನ್ನು ಸಿಸ್ಟಮ್, ಪ್ರೊಸೀಜರ್ ಎಂಬ ಎರಡು ಕಂಬಗಳ ಆಸರೆಯಲ್ಲಿ ಮಾತಾಡುತ್ತಿದ್ದರು.

“ಕೊಟ್ಟೇ ಇಲ್ಲದ್ದನ್ನು ವಾಪಸ್ ಕೊಡುವುದು ಹೇಗೆ ಸರ್?”

“ಅದೇ ಪ್ರಾಬ್ಲಮ್ ಅಂಕಲ್. ವಾಪಸ್ ಬಂದಿಲ್ಲ ಅಂತ ಸಿಸ್ಟಮ್ ತೋರಿಸ್ತದೆ. ಯಾಕೆ ಬಂದಿಲ್ಲ ಅಂತ ಸಿಸ್ಟಮಿಗೆ ಬೇಡ.”

“ಸ್ಟೋರ್‌ಕೀಪರ್ ನಾನೇ ಅಲ್ವಾ? ನನಗೆ ನಾನೇ ಚೀಟಿ ಬರ್ಕೊಂಡ್ರೆ?”

“ಬರೀಬಹುದು. ಯಾವ ಯೂನಿಫಾರಂ ಅಂತ ಕಾಲಂ ಉಂಟು. ಪ್ರಿಂಟಾ ಎಂಬ್ರಾಯ್ಡರಿಯಾ ಅಂತ ತುಂಬಿಸ್ಬೇಕು. ಕಮಿಟಿ ಡಿಸೈಡ್ ಮಾಡ್ಲಿ. ಡಿಸೆಂಬರ್ ಇನ್ನೂ ತುಂಬ ದೂರ.”

ಸರಿ, ಮೊದಲ ಸಭೆಯಲ್ಲೇ ತೀರ್ಮಾನ ಮಾಡಿಸಿಯೇ ಬಿಡುವುದು ಎಂದು ಜೆರೋಮ್ ಹೊರಟರು. ಅವರು ಪಟ್ಟು ಹಿಡಿದರೆ ಎಂಥ ಕೆಲಸವೂ ನಿಂತದ್ದಿಲ್ಲ; ನಿಂತದ್ದರ ಸುದ್ದಿಯನ್ನು ಅವರು ಯಾರಿಗೂ ಹೇಳಿದ್ದಿಲ್ಲ.

ಮಹಬೂಲಾದಲ್ಲಿ ಒಂದು ಅಂಗಡಿಯುಂಟು, ನಡುವೆ ಪ್ಲೈವುಡ್ಡಿನ ಗೋಡೆ. ಗೋಡೆಯ ಎಡಕ್ಕೆ ಪಡುಬಿದ್ರಿಯ ರೋಹಿದಾಸನ ಎಂಬ್ರಾಯ್ಡರಿ ಮೆಷಿನು, ಬಲಕ್ಕೆ ಮಂಜೇಶ್ವರದ ಅಹ್ಮದ್ ಕುಂಞಿಯ ಪ್ರಿಂಟಿಂಗು. ವ್ಯಾಪಾರ ಬೇರೆ, ಮಧ್ಯಾಹ್ನದ ಬುತ್ತಿ ಒಂದೇ. ಜೆರೋಮ್ ಇಬ್ಬರನ್ನೂ ಸಭೆಗೆ ಕರೆತಂದರು.

“ನೋಡಿ ಸರ್,” ಎಂದ ಅಹ್ಮದ್ ಕುಂಞಿ. “ಬೆನ್ನ ಮೇಲೆ ದೊಡ್ಡದಾಗಿ ಹೆಸರು, ಫೋನ್ ನಂಬರ್ ಬೇಕಾದ್ರೆ ನನ್ನ ಪ್ರಿಂಟ್. ಅಷ್ಟು ದೊಡ್ಡದನ್ನು ದಾರದಲ್ಲಿ ತುಂಬಿಸಿದ್ರೆ ಬೆನ್ನಿಗೆ ಚಾಪೆ ಕಟ್ಟಿದ ಹಾಗೆ ಆಗ್ತದೆ, ಗಾಳಿ ಹೋಗುವುದಿಲ್ಲ. ಎದೆಯ ಚಿಕ್ಕ ಹೆಸರಿಗೆ ರೋಹಿದಾಸಣ್ಣನ ಎಂಬ್ರಾಯ್ಡರಿ. ಅದು ಇಸ್ತ್ರಿಗೆ ಹೆದರುವುದಿಲ್ಲ.”

“ನಾನೂ ಅದನ್ನೇ ಹೇಳುವವ,” ಎಂದ ರೋಹಿದಾಸ. “ನಮ್ಮ ಅಂಗಡಿಗೆ ಬರುವ ಗಿರಾಕಿಗಳು ಮುಕ್ಕಾಲು ಜನ ಹಾಗೇ ಮಾಡಿಸುವುದು. ಎದೆಗೆ ಇದು, ಬೆನ್ನಿಗೆ ಅದು. ಎಂಟು ದಿನದಲ್ಲಿ ಕೊಡ್ತೇವೆ ಪೊರ್ಬುಗಳೇ,” ಎಂದು ತುಳುನಾಡಿನವರು ಕ್ರೈಸ್ತರನ್ನು ಕರೆಯುವ ರೀತಿಯಲ್ಲಿ ಜೆರೋಮರಿಗೆ ಹೇಳಿದ.

ಜೆರೋಮ್ ಖುಷಿಯಿಂದ ಮೇಜು ಕುಟ್ಟಿದರು. ಸಭೆ ಶುರುವಾಗಿ ಎಂಟು ನಿಮಿಷವಾಗಿತ್ತು. ಮಜ್ಬೂಸಿಗೆ ಇನ್ನೂ ಒಂದು ಗಂಟೆ ಐವತ್ತೆರಡು ನಿಮಿಷ ಬಾಕಿ ಇತ್ತು.

ಟ್ರೆವರ್ ಫಾರಂ ನೋಡಿದರು. ಫಾರಂನಲ್ಲಿ ಎರಡು ಚೌಕಗಳಿದ್ದವು, ಒಂದು ಪ್ರಿಂಟಿಗೆ, ಒಂದು ಎಂಬ್ರಾಯ್ಡರಿಗೆ. ಯಾವುದಾದರೂ ಒಂದಕ್ಕೆ ಮಾತ್ರ ಗುರುತು ಹಾಕತಕ್ಕದ್ದು.

“ಎರಡಕ್ಕೂ ಹಾಕಿದ್ರೆ?” ಜೆರೋಮ್ ಕೇಳಿದರು.

“ಫಾರಂ ರದ್ದಾಗ್ತದೆ ಅಂಕಲ್,” ಎಂದ ಲತೀಶ. “ಕೆಳಗೆ ಬರೆದುಂಟು.”

“ಯಾರು ಮಾರಾಯ ಬರೆದದ್ದು ಅದನ್ನು?”

“ನಾನೇ. ಆದ್ರೆ ಈಗ ಅದು ಫಾರಂ ಆಗಿ ಆಯ್ತಲ್ಲ.”

ಉಳಿದ ಒಂದು ಗಂಟೆ ಐವತ್ತು ನಿಮಿಷವನ್ನು ಸಮಿತಿ ಗಡಿಯಾರ ನೋಡುತ್ತ ಕಳೆದು, ಎರಡೂ ಕಡೆಯಿಂದ ಸ್ಯಾಂಪಲ್ ತರಿಸಿ ನೋಡುವುದೆಂದು ನಿರ್ಣಯಿಸಿ, ಆಡಿನ ಕಡೆ ತಿರುಗಿತು.

ಸ್ಯಾಂಪಲ್ ಎಂದರೆ ಮೊದಲು ಒಂದೊಂದು ಅಂಗಿ. ಅಂಗಿಯ ಬಟ್ಟೆ ತೆಳು, ದಪ್ಪ ಬಟ್ಟೆಯಲ್ಲಿ ಹೇಗೆ ಕೂರುತ್ತದೋ ನೋಡಬೇಡವೇ ಎಂದು ಟ್ರೆವರ್ ಮನೆಯ ಕರ್ಟನ್‌ಗಳನ್ನು ಕಳಿಸಿದರು. ಅವರ ಹೆಂಡತಿ ಲೊರೈನ್ ತನ್ನ ಹನ್ನೊಂದು ಗೆಳತಿಯರಿಗೆ ಕೊಡಲು ಹನ್ನೊಂದು ಚೀಲಗಳನ್ನು ಬಂಗಾರದ ದಾರದ ಪರೀಕ್ಷೆಗೆ ಒಳಪಡಿಸಿದಳು. ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳೆಲ್ಲರ ಟೊಪ್ಪಿಯ ಮೇಲೆ ಪ್ರಿಂಟು ಬಿಸಿಲಿಗೆ ನಿಲ್ಲುತ್ತದೋ ಇಲ್ಲವೋ ಎಂದು ಗಮನಿಸಲಾಯಿತು. ಲತೀಶನ ಕ್ರಿಕೆಟ್ ತಂಡ ಹದಿನೈದು ಜೆರ್ಸಿಗಳಲ್ಲಿ ಮೈದಾನದ ವರದಿ ಸಲ್ಲಿಸಿತು. ಜೆರೋಮ್ ಇಂಥದ್ದಕ್ಕೆಲ್ಲ ಕೈ ಹಾಕುವವರೇ ಅಲ್ಲ. ಬರೀ ಒಂದು ಡಜನ್ ಕರವಸ್ತ್ರ, ಆರು ದಿಂಬಿನ ಚೀಲ, ಒಂದು ಹೊದಿಕೆ. ಎಲ್ಲವೂ ಫೈಲಿಗೆ ಸೇರಿದ್ದು, ಫೈಲು ಮನೆಯಲ್ಲಿದ್ದದ್ದು ಮಾತ್ರ.

“ನನಗೆ ಗಿರಾಕಿ ಯಾರು, ಸಮಿತಿ ಯಾರು ಗೊತ್ತಾಗುವುದಿಲ್ಲ ಮಾರಾಯ,” ಎಂದು ರೋಹಿದಾಸ ಪ್ಲೈವುಡ್ಡಿನ ಈ ಕಡೆಯಿಂದ ಹೇಳಿದ.

“ಸುಲಭ ಅಣ್ಣಾ,” ಎಂದ ಅಹ್ಮದ್ ಕುಂಞಿ ಆ ಕಡೆಯಿಂದ. “ಗಿರಾಕಿ ಚೌಕಾಸಿ ಮಾಡ್ತಾನೆ.”

ಆಗಸ್ಟ್ ಒಂದರಿಂದ ನಲವತ್ತು ತೊಳೆತದ ಪರೀಕ್ಷೆ ಶುರುವಾಯಿತು. ದಿನಕ್ಕೊಂದು ತೊಳೆತ, ಮಹಬೂಲಾದ ಕ್ಯಾಂಪಿನ ತಾರಸಿಯಲ್ಲಿ. ಆಗಸ್ಟಿನಲ್ಲಿ ಆ ತಾರಸಿಯ ಟ್ಯಾಂಕಿನ ನೀರಿನ ಬಗ್ಗೆ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ನಳ್ಳಿಯ ಬಾಯಿಗೆ ಚಾಪುಡಿಯ ಬಟ್ಟೆ ಕಟ್ಟಿದರೆ ಕೆಳಗೆ ಚಹಾ ಬೀಳುತ್ತದೆ. ಸಕ್ಕರೆ ಮಾತ್ರ ನಾವು ಹಾಕಿಕೊಳ್ಳಬೇಕು. ಜೆರೋಮ್ ಅದರಲ್ಲಿ ಎರಡು ಮೊಟ್ಟೆ ಬೇಯಿಸಿ, ಮೂರನೆಯದರಿಂದ ಮರಿ ಬರಿಸಿದ್ದಾರೆ. ಅಂಥ ನೀರಿನಲ್ಲಿ ಎರಡು ಅಂಗಿಗಳನ್ನು ಅದ್ದಿ, ಹಿಂಡಿ, ಧೂಳಿನ ಗಾಳಿಗೆ ಹಗ್ಗದ ಮೇಲೆ ಒಣಗಿಸಿ, ದಿನವೂ ಫೋಟೋ ತೆಗೆದು ಫೈಲಿಗೆ ಹಚ್ಚಲಾಯಿತು.

ನಲವತ್ತನೆಯ ದಿನ ಸಮಿತಿ ತಾರಸಿ ಹತ್ತಿತು. ಹಗ್ಗದ ಈ ತುದಿಯಲ್ಲಿ ಪ್ರಿಂಟಿನ ಅಂಗಿ ಅಂಗಡಿಯಿಂದ ಈಗ ತಂದ ಹಾಗೆ ನೇತಾಡುತ್ತಿತ್ತು, ಅದರ ಮೇಲೆ ಪ್ರಿಂಟು ಇರಲಿಲ್ಲ. ಆ ತುದಿಯಲ್ಲಿ ಒಂದೇ ಒಂದು ಕ್ಲಿಪ್ಪು, ಕ್ಲಿಪ್ಪಿನಲ್ಲಿ ಬರೂದಾ ಕೂಲಿಂಗ್ ಎಂಬ ಎಂಬ್ರಾಯ್ಡರಿ ಫಳಫಳ ಹೊಳೆಯುತ್ತ ಗಾಳಿಗೆ ಹಾರಾಡುತ್ತಿತ್ತು. ಅದರ ಸುತ್ತ ಅಂಗಿ ಇರಲಿಲ್ಲ. ಮೂವತ್ತಮೂರನೆಯ ತೊಳೆತದಿಂದಲೇ ಅಂಗಿ ಎಳೆಎಳೆಯಾಗಿ ಸಮುದ್ರದ ಕಡೆ ಹೋಗತೊಡಗಿತ್ತು ಎಂದು ಫೋಟೋಗಳಿಂದ ತಿಳಿದುಬಂತು.

“ಆ ಹೆಸರನ್ನು ತೆಗೆದು ಈ ಅಂಗಿಗೆ ಹೊಲಿದ್ರೆ ಮುಗೀತಲ್ಲ ಸರ್! ಖಲಾಸ್!” ಎಂದರು ಜೆರೋಮ್.

“ಅದು ಬೇರೆ ಫೈಲು, ಇದು ಬೇರೆ ಫೈಲು ಅಂಕಲ್,” ಎಂದರು ಟ್ರೆವರ್.

ವರದಿ ಟೈಪ್ ಆಗಲು ಅಕ್ಟೋಬರ್ ಹಿಡಿಯಿತು, ಮಂಡನೆಯಾಗಲು ನವೆಂಬರ್. ಅದರಲ್ಲಿ ಹೀಗಿತ್ತು: “ಎಂಬ್ರಾಯ್ಡರಿ ಉತ್ತೀರ್ಣ, ಅದರ ಅಂಗಿ ಅನುತ್ತೀರ್ಣ. ಅಂಗಿ ಉತ್ತೀರ್ಣ, ಅದರ ಪ್ರಿಂಟ್ ಅನುತ್ತೀರ್ಣ. ಒಟ್ಟಾರೆ ಫಲಿತಾಂಶ ಸಮಾಧಾನಕರ. ಖಾಲಿ ಅಂಗಿಯ ಮೇಲಿನ ಪರೀಕ್ಷೆಯಿಂದ ಸತ್ಯ ಹೊರಬೀಳುವುದಿಲ್ಲವಾದ್ದರಿಂದ ಮುಂದಿನ ಹಂತವನ್ನು ಮನುಷ್ಯನ ಮೈಮೇಲೆ, ಜನವರಿಯಿಂದ ಜೂನ್ ತನಕ ನಡೆಸತಕ್ಕದ್ದು.” ಮಾಲೀಕರು ಸೆಪ್ಟೆಂಬರಿನಲ್ಲೇ ಲಂಡನ್ನಿನಿಂದ ಮರಳಿದ್ದರು. ಅಂಗಿಯ ವಿಷಯ ಅವರಿಗೆ ಪೂರ್ತಿ ಮರೆತುಹೋಗಿತ್ತು. ನೆನಪಿಸಿ ಅವರಿಗೆ ತೊಂದರೆ ಕೊಡಬಾರದೆಂದು ಸಮಿತಿ ಸರ್ವಾನುಮತದಿಂದ ನಿರ್ಣಯಿಸಿತ್ತು.

ಡಿಸೆಂಬರ್ ಹನ್ನೊಂದಕ್ಕೆ ವೆಲಿಟಾ ತಾನೇ ಫೋನು ಮಾಡಿದಳು.

“ಪಪ್ಪಾ, ನೀವು ಬರ್ತೀರಾ ಇಲ್ವಾ ಒಂದು ಮಾತು ಹೇಳಿ. ಚರ್ಚಿನೊಳಗೆ ನನ್ನ ಕೈ ಹಿಡ್ಕೊಂಡು ಬರುವುದು ಯಾರು? ಬ್ಯಾಂಡಿನವರಾ?”

ಜೆರೋಮ್ ಈ ಸಲ ವಿಮಾನವನ್ನು ಅಂಗಳದಲ್ಲಿ ಇಳಿಸುವ ಮಾತಾಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಮಗಳು ಹುಟ್ಟಿದಾಗ ಅವರು ಇಲ್ಲೇ ಇದ್ದರು, ನಡೆಯಲು ಕಲಿತಾಗಲೂ ಇಲ್ಲೇ; ಅವಳ ಶಾಲೆ, ನರ್ಸಿಂಗು, ಮೊದಲ ಸಂಬಳ ಎಲ್ಲವೂ ಅವರ ಕಿವಿಯಲ್ಲೇ ನಡೆದದ್ದು. ಕಣ್ಣಿನಲ್ಲಿ ನೋಡಬೇಕೆಂದು ಅವರು ಎತ್ತಿಟ್ಟುಕೊಂಡದ್ದು ಇದೊಂದನ್ನೇ. ಫೋನಿಟ್ಟು, ಹೆಸರಿಲ್ಲದ ಅಂಗಿಗಳ ಕಟ್ಟಿನ ಮೇಲೆ ಕೂತುಬಿಟ್ಟರು.

ಲತೀಶ ಸ್ಟೋರಿಗೆ ಬಂದವನು ಇದನ್ನು ನೋಡಿದ. ಅರ್ಧ ಕಾನೂನು ಓದಿದವನಿಗೂ ಹೃದಯ ಪೂರ್ತಿಯೇ ಇರುತ್ತದೆ. ಅವನು ಹೋಗಿ ನಿಯಮಾವಳಿಯ ಪುಸ್ತಕ ತಂದು ಬಿಡಿಸಿ ಓದಿದ:

“ನಿಯಮ ಹದಿನಾಲ್ಕು, ಉಪನಿಯಮ ಬಿ. ಕಂಪನಿಯ ಪರೀಕ್ಷಾ ಸಾಮಗ್ರಿಯನ್ನು ಧರಿಸಿ ಪ್ರಯಾಣಿಸುವ ನೌಕರನು ರಜೆಯಲ್ಲಿದ್ದಾನೆಂದು ಭಾವಿಸತಕ್ಕದ್ದಲ್ಲ, ಅವನು ಡ್ಯೂಟಿಯಲ್ಲಿದ್ದಾನೆ.”

“ಡ್ಯೂಟಿಗೆ ಚೀಟಿ ಬೇಡವಾ?”

“ರಜೆಗೆ ಮಾತ್ರ ಚೀಟಿ.”

“ಮಾರಾಯ, ಇಷ್ಟು ಒಳ್ಳೆ ನಿಯಮ ಯಾವಾಗಿಂದ ಉಂಟು?”

“ನಾಳೆ ಬೆಳಿಗ್ಗೆಯಿಂದ ಅಂಕಲ್. ಈಗ ಹೋಗಿ ಟೈಪ್ ಮಾಡ್ತೇನೆ.”

ಟ್ರೆವರ್ ಕೂಡಲೇ ಒಪ್ಪಿದರು. ಮನುಷ್ಯನ ಮೈಮೇಲಿನ ಪರೀಕ್ಷೆ ವೇಳಾಪಟ್ಟಿಗಿಂತ ಮುಂಚೆ ಶುರುವಾಗುವುದು ಅವರಿಗೂ ಹೆಮ್ಮೆಯ ವಿಷಯವೇ. ಜೆರೋಮರ ಅಳತೆಗೆ ಒಂದು ಅಂಗಿ ತಯಾರಾಯಿತು: ಎಡ ಎದೆಗೆ ಎಂಬ್ರಾಯ್ಡರಿ, ಬಲ ಎದೆಗೆ ಪ್ರಿಂಟ್, ಬೆನ್ನಿಗೆ ದೊಡ್ಡ ಅಕ್ಷರದಲ್ಲಿ ‘ಇಪ್ಪತ್ತನಾಲ್ಕು ಗಂಟೆ ಎಸಿ ಸೇವೆ’, ಕೆಳಗೆ ಫೋನ್ ನಂಬರು. ಒಂದೇ ಅಂಗಿಗೆ ಎರಡೂ ಹಾಕಿದರಲ್ಲ ಎಂದು ಜೆರೋಮ್ ಕೇಳಿದ್ದಕ್ಕೆ, ಪರೀಕ್ಷೆಗೆ ಹಾಕಬಹುದು, ಬಳಕೆಗೆ ಕೂಡದು ಎಂಬ ಉತ್ತರ ಬಂತು. ಷರತ್ತು ಮೂರೇ. ಸ್ನಾನದ ಹೊತ್ತು ಬಿಟ್ಟು ಅಂಗಿ ಕಳಚತಕ್ಕದ್ದಲ್ಲ. ಹೆಸರನ್ನು ಕೋಟು, ಟೈ, ಹೂಗುಚ್ಛ ಅಥವಾ ಮಗು ಇವುಗಳಿಂದ ಮರೆಮಾಚತಕ್ಕದ್ದಲ್ಲ. ದಿನದ ವರದಿಗೆ ಒಬ್ಬ ಸಾಕ್ಷಿಯ ಸಹಿ ಪಡೆಯತಕ್ಕದ್ದು.

ಜೆರೋಮ್ ಇಪ್ಪತ್ತೆರಡಕ್ಕೆ ವಿಮಾನ ಹತ್ತಿದರು. ಮುಂದಿನದ್ದು ಜನವರಿಯ ಸಭೆಯಲ್ಲಿ ಲತೀಶ ಎದ್ದು ನಿಂತು ಓದಿದ ವರದಿಯಲ್ಲಿದೆ.

“ಡಿಸೆಂಬರ್ ಇಪ್ಪತ್ತೆಂಟು, ರೋಸ್. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಕಾಯಿ ಹಾಲು ಹಚ್ಚುವ ಈ ಕ್ರಮದಲ್ಲಿ ನಲವತ್ತೆರಡು ಕಾಯಿಗಳ ಹಾಲು ಬಳಕೆಯಾಗಿದ್ದು, ಮಗಳು ಅಳುತ್ತ ಅಪ್ಪನನ್ನು ತಬ್ಬಿಕೊಂಡ ಕಾರಣ ಅದರಲ್ಲಿ ಅರ್ಧದಷ್ಟು ಅಂಗಿಗೆ ವರ್ಗಾವಣೆಗೊಂಡಿತು. ಪ್ರಿಂಟ್: ಹಾಲು ಜಾರಿಹೋಯಿತು. ಎಂಬ್ರಾಯ್ಡರಿ: ಹಾಲು ಕುಡಿಯಿತು. ನೌಕರನ ಕಣ್ಣೀರಿನಿಂದ ಎರಡಕ್ಕೂ ಹಾನಿಯಿಲ್ಲ. ಸಾಕ್ಷಿ, ಹೆಲೆನ್, ಪತ್ನಿ.

“ಡಿಸೆಂಬರ್ ಇಪ್ಪತ್ತೊಂಬತ್ತು, ಚರ್ಚ್. ನಿಯಮದಂತೆ ಕೋಟಿನ ಗುಂಡಿಗಳನ್ನು ತೆರೆದಿಡಲಾಗಿತ್ತು. ನೌಕರನು ಮಗಳ ಕೈ ಹಿಡಿದು ಬಾಗಿಲಿನಿಂದ ಪೀಠದ ತನಕ ನಡೆದನು. ದೂರ ಐವತ್ತೆರಡು ಹೆಜ್ಜೆ. ಪಾದ್ರಿಯವರು ಪ್ರವಚನದ ನಡುವೆ ಅಂಗಿಯ ಹೆಸರನ್ನು ಎರಡು ಸಲ ಓದಿಕೊಂಡಂತೆ ಕಂಡುಬಂತು. ಸಾಕ್ಷಿ, ಅದೇ ಪಾದ್ರಿಯವರು. ಮದುವೆಯ ರಿಜಿಸ್ಟರಿಗೂ ಈ ಫಾರಂಗೂ ಒಂದೇ ಪೆನ್ನು ಬಳಸಿ ಉಳಿತಾಯ ಮಾಡಲಾಗಿದೆ.

“ಅದೇ ದಿನ ಸಂಜೆ, ಔತಣ. ನೌಕರನು ಒಂದು ಗಂಟೆ ಇಪ್ಪತ್ತು ನಿಮಿಷ ಬೈಲಾ ಕುಣಿದನು. ಬೆನ್ನಿನ ನಂಬರು ನೋಡಿ ಸಭಾಂಗಣದಿಂದಲೇ ಕುವೈತಿಗೆ ಹನ್ನೊಂದು ಕರೆಗಳು ಬಂದವು, ಆ ಸಭಾಂಗಣದ ಎಸಿ ಕೆಟ್ಟಿದ್ದ ಕಾರಣ. ನೌಕರನು ಯಂತ್ರವನ್ನು ಮೂಸಿ ಸರಿಪಡಿಸಿದನು. ಸಾಕ್ಷಿ, ರಾನ್ಸನ್, ಅಳಿಯ. ತನಗೂ ಇಂಥದ್ದೊಂದು ಅಂಗಿ ಸಿಗಬಹುದೇ ಎಂದು ಸಾಕ್ಷಿ ವಿಚಾರಿಸಿದ್ದಾರೆ.”

ಓದು ಮುಗಿದಾಗ ಟ್ರೆವರ್ ಕನ್ನಡಕ ಒರೆಸಿಕೊಂಡರು. ರೋಹಿದಾಸನೂ ಅಹ್ಮದ್ ಕುಂಞಿಯೂ ಪರಸ್ಪರ ಕೈ ಕುಲುಕಿದರು. ಮದುವೆಯ ಸ್ಥಿತಿಯಲ್ಲಿ ಎರಡೂ ಸಮಾನ, ಇತರ ಸ್ಥಿತಿಗಳಲ್ಲಿ ಪರೀಕ್ಷೆ ಮುಂದುವರಿಯತಕ್ಕದ್ದು ಎಂದು ಠರಾವು ಪಾಸಾಯಿತು.

ಸುದ್ದಿ ಕ್ಯಾಂಪಿಗೆ ಮುಟ್ಟಿತು. ಯೂನಿಫಾರಂ ಸಿಗದೆ, ಸಿಗದ್ದನ್ನು ಹಿಂದಿರುಗಿಸಲಾಗದೆ ರಜೆ ತಪ್ಪಿ ಕೂತವರು ಅಲ್ಲಿ ಇನ್ನೂ ಮುನ್ನೂರ ಹನ್ನೊಂದು ಮಂದಿ ಇದ್ದರು. ಮರುದಿನ ಎಚ್‌ಆರ್ ಬಾಗಿಲಿನಿಂದ ಶುರುವಾದ ಸಾಲು ಎಗೈಲಾ ಕಡೆಯ ರಸ್ತೆಯನ್ನು ದಾಟಿ ಮಾಲ್ ಒಳಗೆ ಹೋಗಿ ಎಸ್ಕಲೇಟರ್ ಹತ್ತಿತ್ತು. ಲತೀಶ ಗೋಡೆಗೆ ಒಂದು ದೊಡ್ಡ ಪಟ್ಟಿ ಅಂಟಿಸಿದ. ಒಂದು ಸ್ಥಿತಿಗೆ ಒಂದೇ ಕಾಲಂ, ಒಂದು ಕಾಲಂಗೆ ಒಬ್ಬನೇ ನೌಕರ. ಮದುವೆ, ಜೆರೋಮರದ್ದು, ಮುಗಿಯಿತು. ಬ್ಯಾಪ್ಟಿಸಂ, ಸ್ಯಾಮುವೆಲ್. ಭೂತಕೋಲ, ಸದಾನಂದ, ಅರಸಿನದ ಕಲೆ ಎರಡನ್ನೂ ಬಿಡಲಿಲ್ಲ, ದೈವ ಪ್ರಿಂಟಿನ ಬಗ್ಗೆ ಅಭಯ ಕೊಟ್ಟಿತು. ಬಾವಿ ತೋಡುವುದು, ನಿಸಾರ್. ಇವು ಮುಗಿದ ಮೇಲೆ ಜನ ಹೊಸ ಹೊಸ ಸ್ಥಿತಿಗಳನ್ನು ತಂದರು: ಹಸು ಕರು ಹಾಕುವುದು, ಪಾಲುಪಟ್ಟಿ, ಪಾಲುಪಟ್ಟಿಯ ನಂತರದ ಹೊಡೆದಾಟ, ಪಂಚಾಯತ್ ಚುನಾವಣೆಯಲ್ಲಿ ಗೆಲ್ಲುವುದು, ಅದೇ ಚುನಾವಣೆಯಲ್ಲಿ ಸೋಲುವುದು. ಊರಿನಲ್ಲಿ ಮನೆಮನೆಯವರೂ ಪಟ್ಟಿಯ ಫೋಟೋ ತರಿಸಿಕೊಂಡು, ಖಾಲಿ ಕಾಲಂ ನೋಡಿ ಕಾರ್ಯಕ್ರಮ ಇಟ್ಟುಕೊಳ್ಳತೊಡಗಿದರು. ಉಳಿದವರು ಸ್ವಂತ ಅಂಗಿಯ ಎಡ ಎದೆಗೆ ‘ಯೂನಿಫಾರಂ ಪರಿಶೀಲನೆಯಲ್ಲಿದೆ’ ಎಂಬ ಚೀಟಿ ಪಿನ್ನು ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಚೀಟಿ ಎಷ್ಟು ಒಗ್ಗಿತೆಂದರೆ ಶುಕ್ರವಾರ ಪೇಟೆಗೆ ಹೋಗುವಾಗಲೂ ಅದಿಲ್ಲದೆ ಅವರಿಗೆ ಎದೆ ಖಾಲಿ ಅನ್ನಿಸುತ್ತಿತ್ತು.

ಈ ವರ್ಷ ಮಾರ್ಚಿನಲ್ಲಿ ವೆಲಿಟಾಗೆ ಗಂಡುಮಗುವಾಯಿತು. ಈಸ್ಟರ್ ಕಳೆದ ಮರು ಭಾನುವಾರ ಬ್ಯಾಪ್ಟಿಸಂ. ಮೊಮ್ಮಗ ಹುಟ್ಟಿದ ದಿನವೇ ಅಜ್ಜನ ಹೆಸರು ಹೇಳಿ ಕೂಗಿದನೆಂದು ಜೆರೋಮ್ ಇಡೀ ಆಫೀಸಿಗೆ ಸಿಹಿ ಹಂಚಿ, ಟ್ರೆವರ್ ಎದುರು ಹೋಗಿ ನಿಂತರು.

“ಬ್ಯಾಪ್ಟಿಸಂ ಸ್ಯಾಮುವೆಲ್ ಮಾಡಿ ಆಯ್ತಲ್ಲ ಅಂಕಲ್,” ಎಂದರು ಟ್ರೆವರ್, ನಿಜವಾದ ದುಃಖದಿಂದ. “ಒಂದೇ ಕಂಡಿಷನ್ ಎರಡು ಸಲ ಟೆಸ್ಟ್ ಮಾಡಿದ್ರೆ ದುಂದುಗಾರಿಕೆ ಆಗ್ತದೆ.”

“ಯಾವುದೂ ಖಾಲಿ ಇಲ್ವಾ ಸರ್?”

ಎಲ್ಲರೂ ಎದ್ದು ಗೋಡೆಯ ಹತ್ತಿರ ಹೋಗಿ ನೋಡಿದರು. ಪಟ್ಟಿಯಲ್ಲಿ ಖಾಲಿ ಉಳಿದದ್ದು ಕಟ್ಟಕಡೆಯ ಕಾಲಂ ಒಂದೇ: ‘ಶಾಶ್ವತ ಬಳಕೆ. ಧರಿಸುವವರು, ಮೃತರು.’

“ಅದು ದೀರ್ಘಾವಧಿ ಪರೀಕ್ಷೆ,” ಎಂದು ಲತೀಶ ಮೆಲ್ಲಗೆ ವಿವರಿಸಿದ. “ಊರಲ್ಲಿ ಯಾರಾದ್ರೂ ಉಂಟಾ ಅಂಕಲ್?”

ಜೆರೋಮ್ ಸಂಜೆ ಹೆಲೆನಳಿಗೆ ಫೋನಿನಲ್ಲಿ ವಿಷಯ ತಿಳಿಸಿದರು. ಅವಳು ಗಾಬರಿಯಾಗಲಿಲ್ಲ. ನೆಂಟರನ್ನು ಹಿರಿತನದ ಪ್ರಕಾರ ಮನಸ್ಸಿನಲ್ಲೇ ಸಾಲು ನಿಲ್ಲಿಸಿದಳು.

“ದೊಡ್ಡಪ್ಪನ ಹತ್ರ ಕೇಳಿ ನೋಡ್ತೇನೆ. ಅವರು ನಾನು ಹೇಳಿದ್ರೆ ಇಲ್ಲ ಅನ್ನುವುದಿಲ್ಲ.”

ಹೆಲೆನಳ ದೊಡ್ಡಪ್ಪನಿಗೆ ತೊಂಬತ್ತಮೂರು ವರ್ಷ. ಹಲ್ಲು ಮೂವತ್ತೊಂದಿವೆ, ಒಂದನ್ನು ಕಬ್ಬಿಗೆ ಕೊಟ್ಟದ್ದು. ಮರುದಿನವೇ ಉತ್ತರ ಬಂತು, ಅದನ್ನು ಜೆರೋಮ್ ಸಮಿತಿಯ ಸಭೆಯಲ್ಲಿ, ತಟ್ಟೆ ಬಂದು ಕೂತ ಮೇಲೆ, ಮಂಡಿಸಿದರು.

“ಅವರಿಗೆ ಸದ್ಯ ಅವಸರ ಇಲ್ವಂತೆ. ಆದ್ರೆ ಅಂಗಿ ಮೊದಲೇ ತಯಾರಿರುವುದು ಒಳ್ಳೆಯದು ಅಂದ್ರಂತೆ. ಅಳತೆಗೆ ಮಾತ್ರ ಅಳಿಯನೇ, ಅಂದ್ರೆ ನಾನೇ ಬರ್ಬೇಕು, ಬೇರೆಯವ್ರು ಮುಟ್ಟಿದ್ರೆ ಕಚಗುಳಿ ಆಗ್ತದಂತೆ.”

“ಅಳತೆ ತೆಗೆಯುವುದು ಪರೀಕ್ಷೆಯ ಭಾಗವೇ,” ಎಂದ ಲತೀಶ. “ಡ್ಯೂಟಿ.”

“ಹದಿನೈದು ದಿನ ಬೇಕಾಗ್ಬಹುದು,” ಎಂದರು ಟ್ರೆವರ್, ಕ್ಯಾಲೆಂಡರ್ ನೋಡಿ, ಈಸ್ಟರಿನ ಮರು ಭಾನುವಾರವನ್ನು ನಡುವಿಗೆ ಸೇರಿಸಿ.

ರೋಹಿದಾಸ ಅನ್ನದ ಕೈಯನ್ನು ತಟ್ಟೆಯ ಮೇಲೆಯೇ ನಿಲ್ಲಿಸಿದ. “ಅದಿರಲಿ ಪೊರ್ಬುಗಳೇ. ದೊಡ್ಡಪ್ಪ ಯಾವುದು ಬೇಕು ಅಂದ್ರು? ಪ್ರಿಂಟಾ, ಎಂಬ್ರಾಯ್ಡರಿಯಾ?”

ಯಾರೂ ಅಗಿಯಲಿಲ್ಲ. ಸಮಿತಿ ಹುಟ್ಟಿದಂದಿನಿಂದ ಈ ಪ್ರಶ್ನೆಯನ್ನು ಅಂಗಿ ಹಾಕಿಕೊಳ್ಳುವವನ ಹತ್ತಿರ ಯಾರೂ ಕೇಳಿರಲಿಲ್ಲ.

“ಎಂಬ್ರಾಯ್ಡರಿ ಅಂದ್ರು,” ಎಂದರು ಜೆರೋಮ್. “ಅಲ್ಲಿ ಇಸ್ತ್ರಿ ಇಲ್ಲ, ತೊಳೆಯುವುದಿಲ್ಲ, ನಿಜ. ಆದ್ರೆ ತುಂಬ ದಿವಸ ಹಾಕ್ಕೊಳ್ಳಿಕ್ಕುಂಟಲ್ಲ ಅಂದ್ರು.”

ಎಲ್ಲರೂ ಅಹ್ಮದ್ ಕುಂಞಿಯ ಮುಖ ನೋಡಿದರು. ಅವನು ನ್ಯಾಯಸ್ಥ ಮನುಷ್ಯ. ಸ್ವಲ್ಪ ಯೋಚಿಸಿ ತಲೆದೂಗಿದ.

“ಅದು ಸರಿ. ಅಷ್ಟು ವರ್ಷಕ್ಕೆ ನಾನು ಗ್ಯಾರಂಟಿ ಕೊಡ್ಲಾರೆ.”

ಹೀಗೆ ಎಂಬ್ರಾಯ್ಡರಿಯ ಪರವಾಗಿ ಮೊದಲ ಅಭಿಪ್ರಾಯ ಲಿಖಿತವಾಗಿ ದಾಖಲಾಯಿತು. ದೊಡ್ಡಪ್ಪನವರು ಅಂಗಿಯನ್ನು ಬಳಕೆಗೆ ತೆಗೆದುಕೊಂಡ ದಿನದಿಂದ ಹತ್ತು ವರ್ಷಗಳ ತರುವಾಯ ಫಲಿತಾಂಶ ಪರಿಶೀಲಿಸಿ, ಉಳಿದ ಅಂಗಿಗಳ ಬಗ್ಗೆ ಅಂತಿಮ ತೀರ್ಮಾನ ಕೈಗೊಳ್ಳತಕ್ಕದ್ದೆಂದು ಠರಾವಾಯಿತು. ಮುನ್ನೂರ ಹನ್ನೆರಡು ಕೆಲಸಗಾರರೂ, ಕೊನೆಗೂ ಒಂದು ತಾರೀಕು ಸಿಕ್ಕಿತಲ್ಲ ಎಂದು ಸಮಾಧಾನಪಟ್ಟು ಸಿಹಿ ಹಂಚಿದರು.

ಜೆರೋಮ್ ಮೊಮ್ಮಗನಿಗೊಂದು ಬಿಳಿ ಟೊಪ್ಪಿ, ದೊಡ್ಡಪ್ಪನಿಗೊಂದು ಅಳತೆ ಟೇಪು ಹಿಡಿದುಕೊಂಡು ಊರಿಗೆ ಡ್ಯೂಟಿಗೆ ಹೋದರು. ಬ್ಯಾಪ್ಟಿಸಂ ಚೆನ್ನಾಗಿ ನಡೆಯಿತು. ಅಳತೆಯ ಫಾರಂ ಅದೇ ವಾರ ಕುವೈತಿಗೆ ಬಂತು. ಎದೆ ನಲವತ್ತು, ಉದ್ದ ಇಪ್ಪತ್ತೆಂಟು, ಭುಜ ಹದಿನೇಳು. ಕೆಳಗೆ ಷರಾದ ಜಾಗದಲ್ಲಿ ದೊಡ್ಡಪ್ಪ ಸ್ವಂತ ಕೈಯಿಂದ ಬರೆದಿದ್ದರು: ಸ್ವಲ್ಪ ಸಡಿಲ ಇರಲಿ, ಮುಂದೆ ದಪ್ಪ ಆದರೂ ಆದೇನು.

ಸಮಿತಿ ಅದನ್ನು ಅನುಮೋದಿಸಿತು.